ಪುಸ್ತಕ ನೋಡಿ ಧ್ಯಾನಕ್ಕ ಕುಂದ್ರೋದು: ಎಲ್ಲಿ ತನಕ ಪುಸ್ತಕ ಸಾಕು, ಎಲ್ಲಿಂದ ಗುರು ಬೇಕು?

ಎಡದಂಡೆ, ಸಿಂಧನೂರು

ಎಲ್ಲಾರಿಗೂ ನಮಸ್ಕಾರ್ರಿ. ಬೌದ್ಧ ಧ್ಯಾನದ ಪುಸ್ತಕ ನಾಕೈದು ಒಟ್ಟಿಗೆ ಓದಿದ್ರ ಗೊಂದಲ ಹೆಚ್ಚಾಗ್ತೈತಿ. ಒಂದು ಮೂಗಿನ ಹೊಳ್ಳಿ ಹತ್ರ ಉಸಿರು ನೋಡು ಅಂತೈತಿ, ಇನ್ನೊಂದು ಹೊಟ್ಟಿ ಏರಿಳಿಯೋದು ನೋಡು ಅಂತೈತಿ. ಮತ್ತೊಂದು ಉಸಿರು ಎಣಿಸು ಅಂತೈತಿ. ಟಿಬೆಟಿನವರದು ಬುದ್ಧನ ಮೂರ್ತಿ ಮನಸ್ಸಿನಾಗ ನಿಲ್ಲಿಸ್ಕೊ ಅಂತೈತಿ. ಯಾವುದು ಖರೆ? ನಮ್ಮ ಕಡೆ ದಿನಾ ಹೋಗಿ ಕಲಿಯೋಕ ಗುರುಗಳು ಸಿಗೋದು ಕಷ್ಟ. ಪುಸ್ತಕದಿಂದಾನ ಶುರು ಮಾಡಬಹುದಾ, ಇಲ್ಲಾ ಹತ್ತು ದಿನದ ಶಿಬಿರಕ್ಕ ಸೀದಾ ಹೋಗಬೇಕಾ? ಬಲ್ಲವರು ಬಿಡಿಸಿ ಹೇಳ್ರಿ.

ಪಾಲ್ಕಿಗುಂಡು, ಕೊಪ್ಪಳ

ಎಡದಂಡೆಯವರೇ, ನಾಲ್ಕೂ ಖರೆ. ನೀವು ನಾಲ್ಕು ಪರಂಪರೆಯ ಪುಸ್ತಕಗಳನ್ನು ಒಂದೇ ಪುಸ್ತಕ ಅಂದುಕೊಂಡು ಓದಿದ್ದರಿಂದ ಗೊಂದಲ ಬಂದಿದೆ.

ಮೂಗಿನ ಹೊಳ್ಳೆ ಅಥವಾ ಮೇಲ್ದುಟಿಯ ಮೇಲೆ ಉಸಿರು ತಾಗುವ ಜಾಗವನ್ನು ಹೇಳುವುದು ವಿಸುದ್ಧಿಮಗ್ಗ, ಅಂದರೆ 5ನೇ ಶತಮಾನದಲ್ಲಿ ಬುದ್ಧಘೋಷರು ಸಿಂಹಳದ ಅನುರಾಧಪುರದಲ್ಲಿ ಬರೆದ ಗ್ರಂಥ. ಬರ್ಮಾದ ಸಯಾಜಿ ಊ ಬಾ ಖಿನ್ (1899–1971) ಮತ್ತು ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ (1924–2013) ಅದೇ ಜಾಗದಿಂದ ಶುರು ಮಾಡಿಸುತ್ತಾರೆ. ಹೊಟ್ಟೆಯ ಏರಿಳಿತ ಬರ್ಮಾದವರೇ ಆದ ಮಹಾಸಿ ಸಯಾಡೊ (1904–1982) ಅವರ ಪದ್ಧತಿ. ಅಲ್ಲಿ 'ಏರುತ್ತಿದೆ, ಇಳಿಯುತ್ತಿದೆ' ಎಂದು ಮನಸ್ಸಿನಲ್ಲೇ ಗುರುತು ಹಾಕುತ್ತಾ ಹೋಗಬೇಕು. ಒಂದರಿಂದ ಹತ್ತರವರೆಗೆ ಎಣಿಸುವುದು ಜಪಾನಿನ ಜೆನ್ ಮಠಗಳಲ್ಲಿ ಹೊಸಬರಿಗೆ ಕೊಡುವ ಮೊದಲ ಪಾಠ. ಮೂರ್ತಿಯನ್ನು ಆಲಂಬನ (ಗಮನ ನಿಲ್ಲಿಸುವ ವಸ್ತು) ಮಾಡಿಕೊಳ್ಳುವುದು ಟಿಬೆಟಿನ ಶಮಥ (ಮನಸ್ಸನ್ನು ಶಾಂತವಾಗಿ ನಿಲ್ಲಿಸುವ) ಪದ್ಧತಿಯಲ್ಲಿ ಬಳಕೆಯಲ್ಲಿದೆ.

ತಪ್ಪಾಗುವುದು ಎಲ್ಲಿ ಅಂದರೆ, ಇವತ್ತು ಮೂಗು, ನಾಳೆ ಹೊಟ್ಟೆ, ನಾಡಿದ್ದು ಮೂರ್ತಿ ಅಂತ ಬದಲಿಸುವುದರಲ್ಲಿ. ಪ್ರತಿಯೊಂದೂ ಮೊದಲ ಎರಡು ವಾರ ಬೇಸರ ತರಿಸುತ್ತದೆ. ಬೇಸರ ಬಂದಾಗಲೆಲ್ಲ ಪದ್ಧತಿ ಬದಲಿಸಿದರೆ ಬೇಸರವನ್ನು ದಾಟುವ ಅಭ್ಯಾಸವೇ ಆಗುವುದಿಲ್ಲ. ಒಂದನ್ನು ಹಿಡಿದು ಮೂರು ತಿಂಗಳು ಬಿಡಬೇಡಿ. ಅಲ್ಲಿಯವರೆಗೆ ಬೇರೆ ಪದ್ಧತಿಯ ಪುಸ್ತಕ ಕಪಾಟಿನಲ್ಲೇ ಇರಲಿ.

ಓದುವ ಕ್ರಮ ಹೇಳುತ್ತೇನೆ. ಮೊದಲು ಮಜ್ಝಿಮ ನಿಕಾಯದ (ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲಿ ಒಂದು) 118ನೇ ಸುತ್ತ ಅಂದರೆ ಉಪದೇಶ, ಆನಾಪಾನಸತಿ (ಉಸಿರಿನ ಮೇಲೆ ಗಮನ) ಸುತ್ತ. ಅದರಲ್ಲಿ 16 ಹಂತ ಇವೆ, ನಾಲ್ಕು ನಾಲ್ಕರ ನಾಲ್ಕು ಗುಂಪು: ಕಾಯ, ವೇದನೆ (ಸುಖ ದುಃಖದ ಅನುಭವ), ಚಿತ್ತ, ಧಮ್ಮ. ಶುರುವಿಗೆ ಮೊದಲ ನಾಲ್ಕೇ ಸಾಕು. ಉಸಿರು ಉದ್ದ ಇದ್ದರೆ ಉದ್ದ ಎಂದು ತಿಳಿಯುವುದು, ಗಿಡ್ಡ ಇದ್ದರೆ ಗಿಡ್ಡ ಎಂದು ತಿಳಿಯುವುದು, ಇಡೀ ಕಾಯವನ್ನು ಅನುಭವಿಸುತ್ತಾ ಉಸಿರಾಡುವುದು, ಕಾಯದ ಚಟುವಟಿಕೆಯನ್ನು ಶಾಂತಗೊಳಿಸುತ್ತಾ ಉಸಿರಾಡುವುದು. ಉಸಿರನ್ನು ಉದ್ದ ಮಾಡು, ಹಿಡಿದಿಡು ಅಂತ ಸುತ್ತದಲ್ಲಿ ಎಲ್ಲೂ ಹೇಳಿಲ್ಲ. ನಮ್ಮ ಭಾಗದಲ್ಲಿ ಪ್ರಾಣಾಯಾಮದ ರೂಢಿ ಇರುವವರು ಬಹಳ. ಅವರು ಗೊತ್ತಿಲ್ಲದೆ ಕುಂಭಕ (ಉಸಿರು ಹಿಡಿದಿಡುವುದು) ಸೇರಿಸಿಬಿಡುತ್ತಾರೆ, ಎದೆ ಬಿಗಿ ಹಿಡಿಯುತ್ತದೆ, ಆಮೇಲೆ ಧ್ಯಾನವೇ ಆಗಿಬರುವುದಿಲ್ಲ ಅನ್ನುತ್ತಾರೆ. ಪ್ರಾಣಾಯಾಮ ಮಾಡುವುದಿದ್ದರೆ ಬೇರೆ ಹೊತ್ತಿನಲ್ಲಿ ಮಾಡಿ.

ಆಮೇಲೆ ಅದೇ ನಿಕಾಯದ 10ನೆಯದು, ಸತಿಪಟ್ಠಾನ ಸುತ್ತ. ಅದಾದ ಮೇಲೆ 20ನೆಯದು, ವಿತಕ್ಕಸಂಠಾನ ಸುತ್ತ. ಬೇಡದ ಆಲೋಚನೆ ಮತ್ತೆ ಮತ್ತೆ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ಐದು ಉಪಾಯಗಳು ಅದರಲ್ಲಿವೆ: ಒಳ್ಳೆಯ ಆಲೋಚನೆಯನ್ನು ಆ ಜಾಗಕ್ಕೆ ತರುವುದು, ಕೆಟ್ಟದ್ದರ ಪರಿಣಾಮ ನೆನೆಯುವುದು, ಅದಕ್ಕೆ ಗಮನವನ್ನೇ ಕೊಡದಿರುವುದು, ಅದು ಹುಟ್ಟುವ ಮೂಲವನ್ನು ತಣಿಸುವುದು, ಯಾವುದಕ್ಕೂ ಬಗ್ಗದಿದ್ದರೆ ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮನಸ್ಸಿನಿಂದ ಮನಸ್ಸನ್ನು ಅದುಮುವುದು. ಕ್ರಮ ಮುಖ್ಯ. ಐದನೆಯದು ಕಟ್ಟಕಡೆಯ ಉಪಾಯ. ಅದರಿಂದಲೇ ಶುರು ಮಾಡಿದವರಿಗೆ ತಲೆನೋವು ಖಾತ್ರಿ.

ಎಡದಂಡೆ, ಸಿಂಧನೂರು

ವಿಸುದ್ಧಿಮಗ್ಗ ಪೂರ್ತಿ ಓದಬೇಕೇನ್ರಿ? ಭಾಳ ದಪ್ಪ ಐತಿ.

ಪಾಲ್ಕಿಗುಂಡು, ಕೊಪ್ಪಳ

ಬೇಡ. ಮೂರನೇ ಅಧ್ಯಾಯ, ಎಂಟನೇ ಅಧ್ಯಾಯದ ಆನಾಪಾನ ಭಾಗ, ಒಂಬತ್ತನೆಯದರ ಮೈತ್ರಿ (ಎಲ್ಲರಿಗೂ ಒಳಿತು ಬಯಸುವ ಧ್ಯಾನ) ಭಾಗ. ಸದ್ಯಕ್ಕೆ ಇಷ್ಟೇ. ಮೂರನೇ ಅಧ್ಯಾಯದಲ್ಲಿ ಧ್ಯಾನಕ್ಕೆ ಅಡ್ಡಿಯಾಗುವ ಹತ್ತು ತೊಡಕುಗಳ ಪಟ್ಟಿ ಇದೆ: ವಾಸಸ್ಥಾನ, ಕುಲ, ಲಾಭ, ಗಣ, ಕಟ್ಟಡದ ಕೆಲಸ, ಪ್ರಯಾಣ, ನೆಂಟರು, ಕಾಯಿಲೆ, ಗ್ರಂಥ, ಸಿದ್ಧಿ. ಒಂಬತ್ತನೆಯದು ನೋಡಿ. ಸ್ವತಃ ಅಷ್ಟು ದೊಡ್ಡ ಗ್ರಂಥ ಬರೆದವರೇ ಗ್ರಂಥವನ್ನು ತೊಡಕಿನ ಪಟ್ಟಿಯಲ್ಲಿ ಇಟ್ಟಿದ್ದಾರೆ. ಕೂರುವ ಹೊತ್ತಿಗಿಂತ ಓದುವ ಹೊತ್ತು ಹೆಚ್ಚಾದರೆ ಅದು ನಮಗೂ ತೊಡಕೇ.

ಎಣಿಕೆಯ ವಿಧಾನ ಈ ಗ್ರಂಥದಲ್ಲೂ ಇದೆ. ಎಂಟನೇ ಅಧ್ಯಾಯದಲ್ಲಿ ಅದು ಎಷ್ಟು ನಿಖರವಾಗಿದೆ ಅಂದರೆ ಅದಕ್ಕೆ ಯಾರೂ ಏನೂ ಸೇರಿಸಬೇಕಾಗಿಲ್ಲ. ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತಕ್ಕಿಂತ ಮುಂದೆ ಹೋಗಬಾರದು, ನಡುವೆ ಸಂಖ್ಯೆ ಬಿಡಬಾರದು. ಕಾರಣವೂ ಅಲ್ಲೇ ಇದೆ. ಐದರೊಳಗೆ ನಿಲ್ಲಿಸಿದರೆ ಮನಸ್ಸಿಗೆ ಇಕ್ಕಟ್ಟಾಗಿ ಚಡಪಡಿಸುತ್ತದೆ. ಹತ್ತು ದಾಟಿದರೆ ಮನಸ್ಸು ಉಸಿರನ್ನು ಬಿಟ್ಟು ಸಂಖ್ಯೆಯನ್ನು ಹಿಡಿಯುತ್ತದೆ. ನಡುವೆ ಬಿಟ್ಟರೆ 'ಧ್ಯಾನ ಪೂರ್ತಿಯಾಯಿತೋ ಇಲ್ಲವೋ' ಎಂಬ ಅನುಮಾನ ಶುರುವಾಗುತ್ತದೆ. ಮೊದಮೊದಲು ಕಾಳು ಅಳೆಯುವವನ ಹಾಗೆ ನಿಧಾನ ಎಣಿಸಬೇಕು. ಅಳೆಯುವವನು ಕೊಳಗ ತುಂಬಿ ಸುರಿಯುವಾಗ 'ಒಂದು' ಅನ್ನುತ್ತಾನೆ, ಮತ್ತೆ ತುಂಬುವಾಗ ಕಸ ಕಂಡರೆ ಎತ್ತಿ ಹಾಕುತ್ತಾ 'ಒಂದು, ಒಂದು' ಅಂತಲೇ ಇರುತ್ತಾನೆ, ಲೆಕ್ಕ ತಪ್ಪುವುದಿಲ್ಲ. ಭತ್ತದ ಸೀಮೆಯವರಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಎಣಿಸದೆಯೂ ಗಮನ ಉಸಿರಿನ ಮೇಲೆ ನಿಲ್ಲತೊಡಗಿದಾಗ ಎಣಿಕೆ ಬಿಡಬೇಕು. ವರ್ಷಗಟ್ಟಲೆ ಎಣಿಸುತ್ತಾ ಕೂರುವುದಕ್ಕೆ ಅದು ಇರುವುದಲ್ಲ.

ಹೊಳೆಸಾಲು, ಗಂಗಾವತಿ

ಕುಂದ್ರೋ ರೀತಿ ಬಗ್ಗೆ ನಾನೊಂದಿಷ್ಟು ಬರೀತೀನ್ರಿ. ಪುಸ್ತಕದಾಗ ಇದಕ್ಕ ಒಂದು ಚಿತ್ರ ಹಾಕಿ ಮುಗಿಸಿರ್ತಾರ, ಖರೆ ಹೇಳಬೇಕಂದ್ರ ಅರ್ಧ ಮಂದಿ ಬಿಟ್ಟು ಹೋಗೋದು ಇಲ್ಲೇ.

ಬರೇ ಜಮಖಾನದ ಮ್ಯಾಲೆ ಚಕ್ಕಂಬಕ್ಕಳ ಹಾಕಿ ಕುಂತ್ರ ಹೆಚ್ಚಿನವರ ಮೊಣಕಾಲು ಸೊಂಟಕ್ಕಿಂತ ಮ್ಯಾಲೆ ಏಳ್ತಾವ. ಮೊಣಕಾಲು ಮ್ಯಾಲೆ ಬಂತಂದ್ರ ಸೊಂಟ ಹಿಂದಕ್ಕ ಜಾರ್ತೈತಿ, ಬೆನ್ನು ಬಾಗ್ತೈತಿ, ಹೊಟ್ಟಿ ಒತ್ತಿ ಉಸಿರು ಗಿಡ್ಡ ಆಕ್ಕೈತಿ, ಹತ್ತು ನಿಮಿಷಕ್ಕ ತೂಕಡಿಕಿ. ಅದಕ ಹಳೇ ಕೌದಿ ಮಡಿಚಿ ಮಡಿಚಿ 4ರಿಂದ 6 ಇಂಚು ಎತ್ತರ ಮಾಡ್ರಿ. ಅದರ ಮುಂದಿನ ಅಂಚಿನ ಮ್ಯಾಲೆ ಕುಂದ್ರಿ, ನಡುಕ ಅಲ್ಲ. ಎರಡೂ ಮೊಣಕಾಲು ನೆಲಕ್ಕ ತಾಗಬೇಕು. ತಾಗದಿದ್ರ ಇನ್ನೊಂದು ಮಡಿಕಿ ಏರಿಸ್ರಿ. ಕಾಲ ಮ್ಯಾಲೆ ಕಾಲು ಹಾಕದ, ಒಂದರ ಮುಂದೊಂದು ನೆಲದ ಮ್ಯಾಲೆ ಇಟ್ರ ಪಾದ ಜೋಮು ಹಿಡಿಯೋದು ಕಮ್ಮಿ. ಹತ್ತಿ ಕೌದಿ ಒಳ್ಳೇದು. ಸ್ಪಂಜಿನ ದಿಂಬು ಒಂದು ಕಡೆ ಕುಸೀತೈತಿ, ಸೊಂಟ ವಾರಿ ಆಕ್ಕೈತಿ.

ಜೋಮು ಹಿಡದ್ರ ಹೆದರಬ್ಯಾಡ್ರಿ. ಎದ್ದ ಮ್ಯಾಲೆ ಸ್ವಲ್ಪ ಹೊತ್ತಿನಾಗ ಹೋಗ್ತೈತಿ. ಆದ್ರ ಮೊಣಕಾಲ ಸಂದಿನಾಗ ಚುಚ್ಚಿದಂಗ ನೋವು ಬಂದು, ಎದ್ದ ಮ್ಯಾಲೂ ಉಳೀತಂದ್ರ ಆ ಆಸನ ಬಿಡ್ರಿ. ಅದನ್ನ ತಡಕೊಂಡು ಕುಂದ್ರೋದು ಸಾಧನೆ ಅಲ್ಲ. ಕುರ್ಚಿ ಮ್ಯಾಲೆ ಕುಂದ್ರಿ, ಎರಡೂ ಪಾದ ನೆಲಕ್ಕ ಊರಿರಲಿ, ಬೆನ್ನು ಆನಿಸಬ್ಯಾಡ್ರಿ.

ನಮ್ಮ ಬಿಸಲಿಗೆ ಇನ್ನೊಂದು ಮಾತು. ಏಪ್ರಿಲ್, ಮೇನಾಗ ಹಗಲು ಕುಂದ್ರೋದು ಆಗದ ಮಾತು. ಮುಂಜಾನೆ ನಾಕೂವರೆಯಿಂದ ಆರರೊಳಗ ಮುಗಸ್ರಿ. ಫ್ಯಾನ್ ಹಾಕಿದ್ರ ಗಾಳಿ ಮುಖಕ್ಕ ಬಡಿಯಬಾರದು, ಬೆನ್ನ ಕಡೆ ಇರಲಿ. ಮೂಗಿನ ಹತ್ರ ಫ್ಯಾನಿನ ಗಾಳಿನೂ ತಾಗ್ತಿದ್ರ ಉಸಿರು ತಾಗೋದು ಯಾವುದು, ಗಾಳಿ ತಾಗೋದು ಯಾವುದು ತಿಳಿಯಂಗಿಲ್ಲ. ನೆಗಡಿ ಆಗಿ ಮೂಗು ಕಟ್ಟಿದ್ದ ದಿನ ಬಲವಂತ ಬ್ಯಾಡ. ಅವತ್ತು ನಡಿಗಿ ಧ್ಯಾನ ಮಾಡ್ರಿ.

ತೋರಣಗಲ್ಲು ಪಾಳಿ, ಬಳ್ಳಾರಿ

ಅಕ್ಕಾರ, ನಡಿಗೆ ಬಗ್ಗೆ ಬರೀರಿ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಕೂರುವುದಕ್ಕಿಂತ ಅದೇ ಹೊಂದುತ್ತದೆ ಅನಿಸುತ್ತದೆ.

ಹೊಳೆಸಾಲು, ಗಂಗಾವತಿ

ಹೌದ್ರಿ ಅಣ್ಣಾರ. 15ರಿಂದ 20 ಹೆಜ್ಜಿ ಹಿಡಿಯೋ ಸೀದಾ ದಾರಿ ಸಾಕು. ಮಾಳಗಿ ಮ್ಯಾಲೆ, ಬರಿಗಾಲಿನಾಗ. ಹೊತ್ತು ಏರಿದ ಮ್ಯಾಲೆ ಕಲ್ಲು ಕಾದು ಪಾದ ಸುಡ್ತೈತಿ, ಅದಕ ಬೆಳಗಿನಾಗ, ಇಲ್ಲಾ ರಾತ್ರಿ. ಕಣ್ಣು ನಾಕೈದು ಅಡಿ ಮುಂದ ನೆಲದ ಮ್ಯಾಲೆ ಇರಲಿ, ಪಾದ ಬಗ್ಗಿ ನೋಡಬ್ಯಾಡ್ರಿ, ಕುತ್ತಿಗಿ ಹಿಡೀತೈತಿ. ಮೊದಲ ಐದು ನಿಮಿಷ 'ಎಡ, ಬಲ' ಅಷ್ಟ. ಆಮ್ಯಾಲೆ ನಿಧಾನ ಮಾಡಿ 'ಎತ್ತೋದು, ಇಡೋದು'. ಆಮ್ಯಾಲೆ ಇನ್ನೂ ನಿಧಾನ, 'ಎತ್ತೋದು, ಮುಂದಕ್ಕ ಒಯ್ಯೋದು, ಇಡೋದು'. ದಾರಿ ಮುಗಿದಲ್ಲಿ ನಿಲ್ರಿ, ನಿಂತದ್ದು ತಿಳೀರಿ, ತಿರುಗೋದು ತಿಳೀರಿ, ಆಮ್ಯಾಲೆ ಹೆಜ್ಜಿ. ಹೆಚ್ಚಿನವರ ಗಮನ ತಪ್ಪೋದು ತಿರುಗೋ ಜಾಗದಾಗ. ಹೆಸರು ಇಡೋದು ಮೆಲ್ಲಗ ಇರಬೇಕು, ಪಾದದ ಸ್ಪರ್ಶನ ಮುಖ್ಯ. ಮಂತ್ರದಂಗ 'ಎಡ ಬಲ' ಹೇಳ್ಕೋತ ಮನಸ್ಸು ಬಜಾರಕ್ಕ ಹೋಗಿರ್ತೈತಿ, ಅದನ್ನ ನೋಡ್ಕೋಬೇಕು.

ಮಹಾಸಿ ಪದ್ಧತಿ ಶಿಬಿರದಾಗ ಒಂದು ತಾಸು ನಡಿಗಿ, ಒಂದು ತಾಸು ಕುಂದ್ರೋದು, ಹಿಂಗ ದಿನವಿಡೀ ಸರದಿ ಮ್ಯಾಲೆ ನಡೀತೈತಿ. ಮನಿಯಾಗ ಹತ್ತು ನಿಮಿಷ ನಡದು ಇಪ್ಪತ್ತು ನಿಮಿಷ ಕುಂತ್ರ ಶುರುವಿಗೆ ಬೇಕಾದಷ್ಟು. ರಾತ್ರಿ ಪಾಳಿಯವರು ಮನಿಗೆ ಬಂದ ಕೂಡ್ಲೇ ಕುಂದ್ರಬಾರದು, ಅದು ನಿದ್ದಿನ. ಮಲಗಿ ಎದ್ದು, ಮುಖ ತೊಳಕೊಂಡು, ಊಟಕ್ಕ ಮೊದಲು ಕುಂದ್ರಬೇಕು.

ಮಸ್ಕಿ ನಾಲಾ, ರಾಯಚೂರು

ಇಷ್ಟೆಲ್ಲ ವಿವರ ಚೆನ್ನಾಗಿದೆ, ಆದರೆ ನನ್ನ ಅಭಿಪ್ರಾಯ ಬೇರೆ. ಗುರು ಇಲ್ಲದೆ ಶುರುವನ್ನೇ ಮಾಡಬಾರದು. ಕಲ್ಯಾಣಮಿತ್ರ (ದಾರಿ ತೋರುವ ಒಳ್ಳೆಯ ಗೆಳೆಯ) ಇರುವುದು ಬ್ರಹ್ಮಚರ್ಯೆಯ, ಅಂದರೆ ಧರ್ಮದ ಬಾಳಿನ, ಅರ್ಧ ಎಂದು ಶಿಷ್ಯ ಆನಂದ ಹೇಳಿದಾಗ ಬುದ್ಧ ಅವನನ್ನು ತಡೆದು, ಅರ್ಧವಲ್ಲ, ಪೂರ್ತಿ ಅದೇ ಎಂದದ್ದು ಸಂಯುತ್ತ ನಿಕಾಯದಲ್ಲಿದೆ. ಇನ್ನೊಂದು ಪ್ರಸಂಗ ಅದೇ ನಿಕಾಯದ ಆನಾಪಾನ ಸಂಯುತ್ತದಲ್ಲಿದೆ. ವೈಶಾಲಿಯಲ್ಲಿ ಭಿಕ್ಷುಗಳು ದೇಹದ ಅಶುಭ ಭಾವನೆಯಲ್ಲಿ (ದೇಹ ಅಸಹ್ಯವೆಂದು ನೆನೆಯುವ ಧ್ಯಾನ) ತೊಡಗಿ, ಜುಗುಪ್ಸೆ ಮೀರಿ, ಹಲವರು ಪ್ರಾಣವನ್ನೇ ಬಿಟ್ಟರು. ಬುದ್ಧ ಏಕಾಂತದಿಂದ ಬಂದು ಸಂಘ ಕರಗಿದ್ದು ಕಂಡ ಮೇಲೆ ಉಳಿದವರಿಗೆ ಆನಾಪಾನಸತಿ ಕಲಿಸಿದ. ಭಿಕ್ಷುಗಳ ನಡುವೆಯೇ ಹೀಗಾದರೆ ಮನೆಯಲ್ಲಿ ಪುಸ್ತಕ ಹಿಡಿದು ಕೂತವನ ಗತಿ ಏನು?

ಕೋಟೆ ಬದಿ, ಬಳ್ಳಾರಿ

ಮಸ್ಕಿಯವರ ಆತಂಕ ನ್ಯಾಯವಾದದ್ದೇ, ಆದರೆ ಅದೇ ಪ್ರಸಂಗದಿಂದ ಉತ್ತರವೂ ಸಿಗುತ್ತದೆ. ಅಪಾಯ ತಂದದ್ದು ಅಶುಭ ಭಾವನೆ, ಅದಕ್ಕೆ ಬದಲಾಗಿ ಕೊಟ್ಟದ್ದು ಆನಾಪಾನ. ವಿಸುದ್ಧಿಮಗ್ಗ 40 ಕರ್ಮಸ್ಥಾನಗಳನ್ನು (ಧ್ಯಾನದ ವಿಷಯಗಳನ್ನು) ಹೇಳುತ್ತದೆ: 10 ಕಸಿಣ (ಮಣ್ಣು, ನೀರು, ಬಣ್ಣದಂಥ ನೋಟ ನಿಲ್ಲಿಸುವ ವಸ್ತು), 10 ಅಶುಭ, 10 ಅನುಸ್ಮೃತಿ (ನೆನೆಯುವ ವಿಷಯ), 4 ಬ್ರಹ್ಮವಿಹಾರ (ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ), 4 ಅರೂಪ (ರೂಪವಿಲ್ಲದ ಧ್ಯಾನ), ಆಹಾರದ ಪ್ರತಿಕೂಲ ಸಂಜ್ಞೆ (ಆಹಾರ ಅಸಹ್ಯವೆಂದು ಕಾಣುವುದು), ನಾಲ್ಕು ಧಾತುಗಳ ವಿಂಗಡಣೆ. ಇಷ್ಟರಲ್ಲಿ ಪುಸ್ತಕದಿಂದ ಶುರು ಮಾಡಲು ತಕ್ಕವು ಎಂದು ನಾನು ಹೇಳುವುದು ಎರಡು: ಉಸಿರು ಮತ್ತು ಮೈತ್ರಿ. ಅಶುಭ, ಮರಣಾನುಸ್ಮೃತಿ, ಕಸಿಣ ಇವನ್ನು ಗುರುವಿಲ್ಲದೆ ಮುಟ್ಟಬಾರದು. ಸ್ವಭಾವಕ್ಕೆ ತಕ್ಕ ಕರ್ಮಸ್ಥಾನ ಆರಿಸುವ ಕ್ರಮವೂ ಅದೇ ಗ್ರಂಥದಲ್ಲಿದೆ. ರಾಗ ಹೆಚ್ಚಿರುವವರಿಗೆ ಅಶುಭ, ದ್ವೇಷ ಹೆಚ್ಚಿರುವವರಿಗೆ ಬ್ರಹ್ಮವಿಹಾರ, ಮೋಹದವರಿಗೂ ಸದಾ ಯೋಚಿಸುವವರಿಗೂ ಆನಾಪಾನ. ಆದರೆ ನಮ್ಮ ಸ್ವಭಾವವನ್ನು ನಾವೇ ತೂಗಿಕೊಳ್ಳಲು ಆಗದು. ಅಲ್ಲಿಗೆ ಗುರು ಬೇಕು. ಪುಸ್ತಕ ಓದಿ ಧ್ಯಾನಕ್ಕೆ ಬರುವವರು ಹೆಚ್ಚಾಗಿ ಯೋಚಿಸುವ ಪೈಕಿಯವರು, ಅವರಿಗೆ ಉಸಿರೇ ಸರಿ.

ಪುಸ್ತಕದಿಂದ ಕಲಿತವರಿಗೆ ಆಗುವ ತೊಂದರೆಗಳನ್ನು ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ಇವುಗಳಲ್ಲಿ ಬಹುಪಾಲು ಮನೆಯಲ್ಲೇ ಸರಿಹೋಗುವಂಥವು.

ಹಣೆಯ ನಡುವೆ ಬಿಗಿತ, ನೋವು. ಮೂಗಿನ ತುದಿಯನ್ನು ನೋಡು ಎಂದದ್ದನ್ನು ಕಣ್ಣಿನಿಂದ ನೋಡು ಎಂದುಕೊಂಡು, ಮುಚ್ಚಿದ ರೆಪ್ಪೆಯೊಳಗೆ ಎರಡೂ ಗುಡ್ಡೆಗಳನ್ನು ಮೂಗಿನ ಕಡೆ ತಿರುಗಿಸಿ ಹಿಡಿದಿರುತ್ತಾರೆ. ಆ ಸ್ನಾಯುಗಳು ದಣಿದು ನೋವಾಗುತ್ತದೆ. ಕಣ್ಣು ದೂರದ ಬಯಲು ನೋಡುವಾಗ ಹೇಗಿರುತ್ತದೋ ಹಾಗೆ ಸಡಿಲ ಇರಲಿ. ಉಸಿರು ತಾಗುವುದನ್ನು ಚರ್ಮ ತಿಳಿಸುತ್ತದೆ, ಕಣ್ಣಿಗೆ ಅಲ್ಲಿ ಕೆಲಸವಿಲ್ಲ.

ಎದೆ ಬಿಗಿತ. ಗಮನ ಇಟ್ಟ ಕೂಡಲೇ ಉಸಿರನ್ನು ನಾವೇ ಎಳೆಯತೊಡಗುತ್ತೇವೆ. ಉಸಿರು ಬಿಟ್ಟಾದ ಮೇಲೆ ಕಾಯಿರಿ, ಮುಂದಿನದು ತಾನಾಗಿ ಬರಲಿ. ಆಗದಿದ್ದರೆ ಗಮನವನ್ನು ಪೃಷ್ಠ ಮತ್ತು ಮೊಣಕಾಲು ನೆಲಕ್ಕೆ ತಾಗುವ ಜಾಗಕ್ಕೆ ಒಯ್ದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತನ್ನಿ.

ಉಸಿರೇ ಸಿಗದಂತಾಗುವುದು. ಮನಸ್ಸು ತಣಿದಷ್ಟೂ ಉಸಿರು ಸೂಕ್ಷ್ಮ ಆಗುತ್ತದೆ. ಹೆದರಿ ಜೋರಾಗಿ ಉಸಿರೆಳೆದರೆ ಅಷ್ಟು ಹೊತ್ತಿನ ಶಾಂತಿ ಹೋಯಿತು. ಬುದ್ಧಘೋಷರ ಮಾತು ಇಲ್ಲಿ ಬಹಳ ಉಪಯುಕ್ತ. ಉಸಿರು ಇಲ್ಲದಿರುವುದು ತಾಯಿಯ ಗರ್ಭದಲ್ಲಿರುವವರಿಗೆ, ನೀರಲ್ಲಿ ಮುಳುಗಿದವರಿಗೆ, ಸತ್ತವರಿಗೆ, ನಾಲ್ಕನೇ ಧ್ಯಾನದಲ್ಲಿ (ಆಳವಾದ ಏಕಾಗ್ರತೆಯ ನಾಲ್ಕನೇ ಹಂತ) ಇರುವವರಿಗೆ. ನೀನು ಇವರಲ್ಲಿ ಯಾರೂ ಅಲ್ಲ, ಆದ್ದರಿಂದ ಉಸಿರು ಇದೆ, ಹಿಡಿಯಲು ನಿನಗೆ ಆಗುತ್ತಿಲ್ಲ ಅಷ್ಟೇ. ಎದ್ದು ಹೋಗದೆ, ಉಸಿರು ತಾಗುತ್ತಿದ್ದ ಜಾಗದಲ್ಲಿ ಗಮನ ಇಟ್ಟು ಕಾಯಬೇಕು.

ತೂಕಡಿಕೆ. ಶಿಷ್ಯ ಮೊಗ್ಗಲ್ಲಾನ ತೂಕಡಿಸುತ್ತಿದ್ದಾಗ ಬುದ್ಧ ಹೇಳಿದ ಉಪಾಯಗಳ ಸರಣಿ ಅಂಗುತ್ತರ ನಿಕಾಯದ ಏಳರ ನಿಪಾತ (ಭಾಗ)ದಲ್ಲಿದೆ: ತೂಕಡಿಕೆ ತಂದ ಆಲೋಚನೆ ಬಿಡು, ಕೇಳಿದ ಧರ್ಮವನ್ನು ಮನನ ಮಾಡು, ಗಟ್ಟಿಯಾಗಿ ಪಠಿಸು, ಕಿವಿ ಎಳೆದು ಕೈಕಾಲು ತಿಕ್ಕು, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು, ಬೆಳಕನ್ನು ಮನಸ್ಸಿಗೆ ತಂದುಕೋ, ನಡೆದಾಡು. ಇಷ್ಟಕ್ಕೂ ಹೋಗದಿದ್ದರೆ ಬಲಮಗ್ಗುಲಾಗಿ ಮಲಗು, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು. ಮಲಗು ಎಂಬುದೂ ಉಪಾಯವೇ. ನಿದ್ದೆಗೆಟ್ಟು ಧ್ಯಾನ ಮಾಡುವುದರಿಂದ ಲಾಭವಿಲ್ಲ.

ಇನ್ನು ಬೆಳಕು ಕಾಣುವುದು, ಮೈ ಪುಳಕ, ಅಪಾರ ಸುಖ, ಎಲ್ಲಾ ತಿಳಿದುಬಿಟ್ಟಂತೆ ಅನಿಸುವುದು. ಇವನ್ನು ವಿಸುದ್ಧಿಮಗ್ಗದ 20ನೇ ಅಧ್ಯಾಯ ವಿಪಶ್ಯನೆಯ (ಒಳನೋಟದ ಧ್ಯಾನದ) ಹತ್ತು ಉಪಕ್ಲೇಶಗಳು ಅಂದರೆ ಮಾಲಿನ್ಯಗಳು ಎಂದೇ ಎಣಿಸುತ್ತದೆ. ಪುಸ್ತಕ ಓದಿದವರಿಗೆ ಇಲ್ಲಿ ದೊಡ್ಡ ಗಂಡಾಂತರ ಇದೆ. ಜ್ಞಾನದ ಮೆಟ್ಟಿಲುಗಳ ಪಟ್ಟಿ ಮೊದಲೇ ಓದಿರುವುದರಿಂದ, ಆದದ್ದನ್ನೆಲ್ಲ ಪಟ್ಟಿಗೆ ಹೊಂದಿಸಿ 'ನಾನು ಇಷ್ಟನೇ ಮೆಟ್ಟಿಲಲ್ಲಿದ್ದೇನೆ' ಎಂದು ತೀರ್ಮಾನ ಮಾಡುತ್ತಾರೆ. ಮುಂದೆ ಕೂತಾಗಲೆಲ್ಲ ಅದೇ ಬೆಳಕಿಗೆ ಕಾಯುತ್ತಾರೆ. ಗುರು ನಿಜವಾಗಿ ಬೇಕಾಗುವುದು ಈ ಹಂತದಲ್ಲಿ. ಮಸ್ಕಿಯವರ ಮಾತನ್ನು ನಾನು ಇಲ್ಲಿ ಪೂರ್ತಿ ಒಪ್ಪುತ್ತೇನೆ.

ಕೊನೆಯದು ಗಂಭೀರ. ಹಗಲೂ ಬಿಡದ ಭಯ, ಸಾಲಾಗಿ ಹಲವು ರಾತ್ರಿ ನಿದ್ದೆ ಬಾರದಿರುವುದು, ದನಿ ಕೇಳಿಸುವುದು, ಸಾಯುವ ಯೋಚನೆ, ಇವು ಬಂದರೆ ಕೂರುವುದನ್ನು ನಿಲ್ಲಿಸಿ. 'ಹಳೇ ಸಂಸ್ಕಾರ ಹೊರಗೆ ಬರ್ತಿದೆ, ಮುಂದುವರಿಸು' ಅನ್ನುವವರ ಮಾತು ಕೇಳಬೇಡಿ. ಮನೆಯವರಿಗೆ ಹೇಳಿ, ಮನೋವೈದ್ಯರನ್ನು ಕಾಣಿ. ಕನ್ನಡದಲ್ಲೇ ಮಾತಾಡಲು ಸರ್ಕಾರದ ಟೆಲಿಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಮೊದಲೇ ಮಾತ್ರೆ ತಗೊಳ್ಳುತ್ತಿರುವವರು ಧ್ಯಾನ ಶುರು ಆಯ್ತು ಅಂತ ಮಾತ್ರೆ ಬಿಡುವಂತಿಲ್ಲ.

ಪಾಲ್ಕಿಗುಂಡು, ಕೊಪ್ಪಳ

ಕೋಟೆಯವರು ಚೆನ್ನಾಗಿ ಬಿಡಿಸಿದರು. ಪುಸ್ತಕವಾ ಗುರುವಾ ಎಂಬುದಕ್ಕೆ ನಮ್ಮ ನೆಲದಲ್ಲೇ ಒಂದು ಸಾಕ್ಷಿ ಇದೆ, ಹೇಳದೆ ಇರಲಾರೆ. ಮಸ್ಕಿ (1915ರಲ್ಲಿ ಸಿಕ್ಕಿತು), ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳ, ಇಲ್ಲೆಲ್ಲ ಅಶೋಕನ ಕಿರುಶಾಸನಗಳಿವೆ. ಅದರ ಪಾಠದಲ್ಲಿ ಅಶೋಕ ಹೇಳಿಕೊಳ್ಳುವುದು: ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಹೆಚ್ಚು ಪರಿಶ್ರಮಪಡಲಿಲ್ಲ, ಸಂಘವನ್ನು ಸೇರಿ ವರ್ಷಕ್ಕೂ ಮೇಲಾಯಿತು, ಆಮೇಲೆ ಚೆನ್ನಾಗಿ ಪರಿಶ್ರಮಪಟ್ಟೆ. ಅದೇ ಅಶೋಕ ರಾಜಸ್ಥಾನದ ಬೈರಾಟಿನ ಶಾಸನದಲ್ಲಿ ಏಳು ಧರ್ಮಗ್ರಂಥಗಳ ಹೆಸರು ಹೇಳಿ, ಭಿಕ್ಷು ಭಿಕ್ಷುಣಿಯರೂ ಉಪಾಸಕ ಉಪಾಸಿಕೆಯರೂ ಅವನ್ನು ಮತ್ತೆ ಮತ್ತೆ ಕೇಳಿ ಮನನ ಮಾಡಲಿ ಅನ್ನುತ್ತಾನೆ. ಗ್ರಂಥವೂ ಬೇಕು ಅಂದ, ಸಂಘದ ಹತ್ತಿರ ಹೋದ ಮೇಲೆಯೇ ಪರಿಶ್ರಮ ಶುರುವಾಯಿತು ಅಂತಲೂ ಅಂದ.

ಎಡದಂಡೆ, ಸಿಂಧನೂರು

ಹಂಗಾದ್ರ ಗುರುಗಳನ್ನ ಹುಡುಕೋದು ಹೆಂಗ? ಒಳ್ಳೆಯವರು ಅಂತ ತಿಳಿಯೋದು ಹೆಂಗ?

ಮಸ್ಕಿ ನಾಲಾ, ರಾಯಚೂರು

ಅಂಗುತ್ತರ ನಿಕಾಯದಲ್ಲಿ ಅಳತೆಗೋಲು ಇದೆ. ಒಬ್ಬರ ಶೀಲ ತಿಳಿಯುವುದು ಜೊತೆಗೆ ಬಾಳಿದಾಗ, ಅದೂ ಬಹುಕಾಲ ಬಾಳಿದಾಗ, ಗಮನ ಇಟ್ಟವರಿಗೆ ಮಾತ್ರ. ಒಂದು ಪ್ರವಚನ ಕೇಳಿ ಗುರು ಅಂತ ತೀರ್ಮಾನಿಸಬಾರದು. ಇನ್ನೊಂದು ಗಟ್ಟಿ ಪರೀಕ್ಷೆ ವಿನಯದಲ್ಲಿ, ಅಂದರೆ ಭಿಕ್ಷುಗಳ ನಿಯಮಗಳಲ್ಲಿ, ಇದೆ. ತನಗಿಲ್ಲದ ಸಿದ್ಧಿಯನ್ನು ಇದೆ ಎಂದು ಸುಳ್ಳು ಹೇಳಿದ ಭಿಕ್ಷುವಿಗೆ ಪಾರಾಜಿಕ, ಅಂದರೆ ಅವನು ಅಲ್ಲಿಗೆ ಭಿಕ್ಷುವೇ ಅಲ್ಲ. ನಿಜವಾಗಿ ಇದ್ದದ್ದನ್ನು ಗೃಹಸ್ಥರ ಮುಂದೆ ಹೇಳಿಕೊಂಡರೂ ಪಾಚಿತ್ತಿಯ (ತಪ್ಪೊಪ್ಪಿಕೊಳ್ಳಬೇಕಾದ) ಅಪರಾಧ. ಆದ್ದರಿಂದ ಚೀವರ (ಭಿಕ್ಷುವಿನ ಬಟ್ಟೆ) ತೊಟ್ಟವರು ವೇದಿಕೆಯ ಮೇಲೆ ನಿಂತು ತಮಗೆ ಇಂಥ ಧ್ಯಾನ ಲಭಿಸಿದೆ ಅಂದರೆ ಅಲ್ಲಿಂದ ಎದ್ದು ಬನ್ನಿ. ದುಡ್ಡಿಗೆ ಮೆಟ್ಟಿಲು ಮೆಟ್ಟಿಲಾಗಿ 'ಮುಂದಿನ ದೀಕ್ಷೆ' ಮಾರುವವರ ಹತ್ತಿರವೂ ಹೋಗಬೇಡಿ.

ಊರಲ್ಲಿ ಬುದ್ಧ ವಿಹಾರ ಇದ್ದರೆ ಹುಣ್ಣಿಮೆಯ ದಿನ ಹೋಗಿ. ಹೆಚ್ಚಿನ ಕಡೆ ವಂದನೆ, ತ್ರಿಶರಣ, ಪಂಚಶೀಲ ಇರುತ್ತದೆ, ಧ್ಯಾನ ಕಲಿಸುವವರು ಇರಲಿಕ್ಕಿಲ್ಲ. ಆದರೂ ಜೊತೆಗೆ ಕೂರುವ ನಾಲ್ಕು ಜನ ಸಿಗುತ್ತಾರೆ, ಬಂದು ಹೋಗುವ ಭಿಕ್ಷುಗಳ ಸುದ್ದಿ ಸಿಗುತ್ತದೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇದೆ, ಥೇರವಾದದ (ಸಿಂಹಳ, ಬರ್ಮಾದ ಪರಂಪರೆ) ಭಿಕ್ಷುಗಳು ಸಿಗುತ್ತಾರೆ, ಕನ್ನಡ ಪುಸ್ತಕಗಳೂ ಸಿಗುತ್ತವೆ. ಟಿಬೆಟಿನ ಪದ್ಧತಿ ಬೇಕಾದವರಿಗೆ ಕೊಪ್ಪಳದಿಂದ ಹುಬ್ಬಳ್ಳಿ ಮೇಲೆ ಮುಂಡಗೋಡ ಇದೆ, ಅಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಿವೆ. ಅವು ಮುಖ್ಯವಾಗಿ ಶಾಸ್ತ್ರಾಧ್ಯಯನದ ಮಠಗಳು, ಆದ್ದರಿಂದ ಧ್ಯಾನ ಕಲಿಯಬೇಕಾದರೆ ಮೊದಲೇ ವಿಚಾರಿಸಿ ಹೋಗಿ.

ತೋರಣಗಲ್ಲು ಪಾಳಿ, ಬಳ್ಳಾರಿ

ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಹೋಗುವವರಿಗೆ ರಜೆಯ ಲೆಕ್ಕ ಹೇಳಿಬಿಡುತ್ತೇನೆ, ಬಹಳ ಜನ ಇದರಲ್ಲೇ ಎಡವುತ್ತಾರೆ. ಗೋಯೆಂಕಾ ಅವರ ಶಿಬಿರ ಹತ್ತು ದಿನ ಅಂದರೂ, ಹಿಂದಿನ ದಿನ ಮಧ್ಯಾಹ್ನ ಅಥವಾ ಸಂಜೆ ಹಾಜರಾಗಬೇಕು, ಬಿಡುವುದು 11ನೇ ದಿನ ಬೆಳಗ್ಗೆ. ಒಟ್ಟು 12 ದಿನದ ಮೇಲೆ ಪ್ರಯಾಣ. ನಡುವೆ ಎದ್ದು ಬರುವಂತಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಬೆಳಗ್ಗೆ 4ಕ್ಕೆ ಗಂಟೆ, ನಾಲ್ಕೂವರೆಯಿಂದ ಕೂರುವುದು, 11ಕ್ಕೆ ಊಟ, ಮಧ್ಯಾಹ್ನ 12ರಿಂದ 1 ಆಚಾರ್ಯರನ್ನು ಕೇಳುವ ಸಮಯ, ಸಂಜೆ 5ಕ್ಕೆ ಚಹಾ, 7ಕ್ಕೆ ಪ್ರವಚನ, ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ. ಮೊದಲ ಮೂರು ದಿನ ಪೂರ್ತಿ ಆನಾಪಾನ, ನಾಲ್ಕನೇ ದಿನ ವಿಪಶ್ಯನೆ ಕೊಡುತ್ತಾರೆ, ಆಮೇಲೆ ದಿನಕ್ಕೆ ಮೂರು ಸಾಮೂಹಿಕ ಬೈಠಕ್‌ನಲ್ಲಿ ಒಂದು ತಾಸು ಅಲುಗಾಡದೆ ಕೂರುವ ಅಧಿಷ್ಠಾನ. ಹತ್ತನೇ ದಿನ ಮೈತ್ರಿ, ಮೌನ ಬಿಡುವುದೂ ಅವತ್ತೇ.

ಫೋನು, ಪುಸ್ತಕ, ಪೆನ್ನು ಎಲ್ಲಾ ಒಳಗೆ ಹೋಗುವ ಮೊದಲೇ ಒಪ್ಪಿಸಬೇಕು. ಓದಿ ಬಂದವರಿಗೆ ಇದು ಊಟಕ್ಕಿಂತ ಕಷ್ಟ. ಶುಲ್ಕ ಇಲ್ಲ, ಊಟ ವಸತಿಗೂ ಇಲ್ಲ. ಒಂದು ಶಿಬಿರ ಮುಗಿಸಿದವರಿಂದ ಮಾತ್ರ ದಾನ ತಗೊಳ್ಳುತ್ತಾರೆ. ರಾಯಚೂರು, ಸಿಂಧನೂರು ಕಡೆಯವರಿಗೆ ಬೆಂಗಳೂರಿನ ಧಮ್ಮ ಪಫುಲ್ಲ ಕೇಂದ್ರಕ್ಕಿಂತ ಹೈದರಾಬಾದಿನ ಧಮ್ಮ ಖೇತ್ತ ಕೇಂದ್ರ ಹತ್ತಿರ. ಸೂಚನೆ ಯಾವ ಭಾಷೆಯಲ್ಲಿ ಬೇಕು ಎಂದು ಅರ್ಜಿಯಲ್ಲೇ ಬರೆಯಿರಿ. ಕಾಯಿಲೆ, ಮಾತ್ರೆ, ಮಾನಸಿಕ ಚಿಕಿತ್ಸೆ ಏನಿದ್ದರೂ ಮುಚ್ಚಿಡಬೇಡಿ, ಅವರು ಕೇಳುವುದು ನಿಮ್ಮ ಸುರಕ್ಷತೆಗೆ.

ಕೋಟೆ ಬದಿ, ಬಳ್ಳಾರಿ

ಗುರುಗಳ ಮುಂದೆ ಕೂತಾಗ ಏನು ಹೇಳಬೇಕು ಎಂಬುದನ್ನೂ ಸೇರಿಸುತ್ತೇನೆ. ಸಿಗುವುದು ಐದೋ ಹತ್ತೋ ನಿಮಿಷ. ಅದನ್ನು 'ಅನಾತ್ಮ ಅಂದರೆ ಏನು' ಎಂದು ಕೇಳಿ ಕಳೆಯಬೇಡಿ, ಅದು ಪುಸ್ತಕದಲ್ಲಿದೆ. ಮಹಾಸಿ ಪರಂಪರೆಯಲ್ಲಿ ವರದಿಗೆ ಒಂದು ಕ್ರಮ ಇದೆ: ಏನು ಎದ್ದಿತು, ಅದನ್ನು ಹೇಗೆ ಗಮನಿಸಿದೆ, ಗಮನಿಸಿದಾಗ ಅದಕ್ಕೆ ಏನಾಯಿತು. ಉದಾಹರಣೆಗೆ, 'ಎಡ ಮೊಣಕಾಲಲ್ಲಿ ಉರಿ ಎದ್ದಿತು, ಉರಿ ಎಂದು ಗುರುತಿಸಿದೆ, ಮೊದಲು ಹೆಚ್ಚಾಗಿ ಆಮೇಲೆ ಬಿಟ್ಟು ಬಿಟ್ಟು ಬರತೊಡಗಿತು'. ಇಷ್ಟು ಹೇಳಿದರೆ ಎಲ್ಲಿ ತಿದ್ದಬೇಕು ಎಂದು ಅವರಿಗೆ ಗೊತ್ತಾಗುತ್ತದೆ. 'ಚೆನ್ನಾಗಿತ್ತು', 'ಆಗಲಿಲ್ಲ' ಅಂದರೆ ಏನೂ ತಿಳಿಯದು. ಇದಕ್ಕಾಗಿ ದಿನಾ ಕೂತೆದ್ದ ಮೇಲೆ ಮೂರು ಸಾಲು ಬರೆದಿಡುವ ರೂಢಿ ಮಾಡಿಕೊಳ್ಳಿ. ಶಿಬಿರದಲ್ಲಿ ಬರೆಯುವಂತಿಲ್ಲ, ಮನೆಯಲ್ಲಿ ಬರೆಯಬಹುದು.

ಹೊಳೆಸಾಲು, ಗಂಗಾವತಿ

ಮೈತ್ರಿ ಬಗ್ಗೆ ಯಾರೂ ಬರೀಲಿಲ್ಲ. ಉಸಿರಿನ ಅಭ್ಯಾಸ ಮುಗಿಸಿ ಕಡೀಗೆ ಐದು ನಿಮಿಷ ಮಾಡ್ರಿ. ಮೊದಲು ತನಗ: 'ನಾನು ವೈರ ಇಲ್ಲದಂಗ ಇರಲಿ, ದ್ವೇಷ ಇಲ್ಲದಂಗ ಇರಲಿ, ದುಃಖ ಇಲ್ಲದಂಗ ಇರಲಿ, ಸುಖದಿಂದ ಬಾಳಲಿ.' ಆಮ್ಯಾಲೆ ಗೌರವ ಇರೋ ಗುರುಹಿರಿಯರಿಗೆ, ಆಮ್ಯಾಲೆ ಆಪ್ತರಿಗೆ, ಆಮ್ಯಾಲೆ ನಮಗ ಬೇಕಾದವರೂ ಅಲ್ಲದ ಬ್ಯಾಡಾದವರೂ ಅಲ್ಲದ ಒಬ್ಬರಿಗೆ, ಕಡೀಗೆ ವೈರಿಗೆ. ಶುರುವಿಗೇ ವೈರಿನ ತಗೊಂಡ್ರ ಮೈತ್ರಿ ಹೋಗಿ ಸಿಟ್ಟು ಬರ್ತೈತಿ. ಭಾಳ ಪ್ರೀತಿಪಾತ್ರರನ್ನ ತಗೊಂಡ್ರ ಅವರಿಗೇನಾರ ಆದೀತು ಅನ್ನೋ ಸಂಕಟ ಬರ್ತೈತಿ. ತೀರಿಕೊಂಡವರ ಮ್ಯಾಲೆ ಮಾಡಬಾರದು ಅಂತ ವಿಸುದ್ಧಿಮಗ್ಗ ಕಟ್ಟುನಿಟ್ಟಾಗಿ ಹೇಳ್ತೈತಿ. ತನಗ ತಾನು ಬಯಸೋದು ಕೆಲವರಿಗೆ ಮುಜುಗರ ಆಕ್ಕೈತಿ. ಅಂಥವರು ಗುರುಹಿರಿಯರಿಂದ ಶುರು ಮಾಡಿ ಆಮ್ಯಾಲೆ ತಮ್ಮ ಕಡೆ ಬರ್ರಿ, ಅಡ್ಡಿಯಿಲ್ಲ.

ಎಡದಂಡೆ, ಸಿಂಧನೂರು

ಕಡೀ ಪ್ರಶ್ನಿ. ಮೂರು ತಿಂಗಳು ಮನಿಯಾಗ ಮಾಡಿ ಶಿಬಿರಕ್ಕ ಹೋಗೋದಾ, ಹೋಗಿ ಬಂದು ಶುರು ಮಾಡೋದಾ?

ಪಾಲ್ಕಿಗುಂಡು, ಕೊಪ್ಪಳ

ಮನೆಯಲ್ಲಿ ಶುರು ಮಾಡಿ, ಅರ್ಜಿಯನ್ನೂ ಈಗಲೇ ಹಾಕಿ. ಮೊದಲ ತಿಂಗಳು ಬೆಳಗ್ಗೆ 20 ನಿಮಿಷ, ಎಣಿಕೆಯೊಂದಿಗೆ. ಎರಡನೇ ತಿಂಗಳು ಬೆಳಗ್ಗೆ 30, ಸಂಜೆ 20. ಮೂರನೇ ತಿಂಗಳು ಎಣಿಕೆ ಬಿಟ್ಟು ನೋಡಿ, ನಿಲ್ಲದಿದ್ದರೆ ಮತ್ತೆ ಎಣಿಸಿ. ಗೋಯೆಂಕಾ ಅವರ ಶಿಬಿರಕ್ಕೇ ಹೋಗುವುದಾದರೆ ಹೊಟ್ಟೆಯ ಪದ್ಧತಿ ಹಿಡಿಯದೆ ಮೂಗಿನ ಹೊಳ್ಳೆಯ ಜಾಗದಿಂದಲೇ ಶುರು ಮಾಡಿ, ಅಲ್ಲಿ ಹೋಗಿ ಬದಲಿಸುವುದು ತಪ್ಪುತ್ತದೆ. ಅಲ್ಲಿ ಎಣಿಕೆ ಇರುವುದಿಲ್ಲ. ಬರೀ ಉಸಿರು, ಯಾವ ಪದವೂ ಯಾವ ಮೂರ್ತಿಯೂ ಬೇಡ ಅನ್ನುತ್ತಾರೆ. ಅಲ್ಲಿರುವಷ್ಟು ದಿನ ಅವರು ಹೇಳಿದಂತೆಯೇ ಮಾಡಿ, ಇಲ್ಲಿ ನಾವು ಹೇಳಿದ್ದು ಸೇರಿಸಬೇಡಿ. ನಾಟಿ, ಕೊಯ್ಲಿನ ಹೊತ್ತು ಬಿಟ್ಟು ದಿನಾಂಕ ಆರಿಸಿಕೊಳ್ಳಿ, ನಡುವೆ ಮನೆಯಿಂದ ಕರೆ ಬಂದರೆ ಮಾತಾಡಲು ಫೋನು ಇರುವುದಿಲ್ಲ. ತುರ್ತು ಇದ್ದರೆ ಕರೆಯಲು ಕೇಂದ್ರದ ಕಚೇರಿಯ ನಂಬರನ್ನು ಮನೆಯವರಿಗೆ ಕೊಟ್ಟು ಹೋಗಿ.